ಗಡಿಯಾರದ ಜೇಬಿನ ನೋಟುಗಳು

ವಿದೇಶಿ ಹಣ ಬದಲಿಸುವ ಆ ಅಂಗಡಿಯಲ್ಲಿ ಮೂರನೆಯ ಗಾಜಿನ ಹಿಂದೆ ಕೂರುವವಳನ್ನು ಎಲ್ಲರೂ ಪೆಸೊ ಅಕ್ಕ ಎಂದೇ ಕರೆಯುತ್ತಿದ್ದರು. ಡಾಲರು, ಯೂರೊ ಎಣಿಸಲು ಯಾರಾದರೂ ಆಗುತ್ತಿತ್ತು. ಕ್ವೆಟ್ಸಾಲ್, ಗ್ವಾರನಿ, ಲೆಂಪಿರಾ ಎಂಬ ಲ್ಯಾಟಿನ್ ಅಮೆರಿಕದ ನೋಟುಗಳು ಬಂದರೆ ಮಾತ್ರ ಎಲ್ಲರ ಕತ್ತೂ ಅವಳ ಕಡೆ ತಿರುಗುತ್ತಿತ್ತು.

“ಪೆಸೊ ಕೊಡಿ,” ಎಂದು ಯಾರಾದರೂ ಕೇಳಿದರೆ, “ಯಾವ ಪೆಸೊ ಸ್ವಾಮಿ?” ಎನ್ನುವಳು. “ಪುಟ್ಟನ್ನ ಕರೀರಿ ಅಂದ ಹಾಗಾಯ್ತು. ಬೀದಿಗೆ ನಾಲ್ಕು ಪುಟ್ಟಂದಿರು. ಮೆಕ್ಸಿಕೋದ್ದಾ, ಚಿಲಿದಾ, ಕೊಲಂಬಿಯಾದ್ದಾ?”

ಈ ವಿದ್ಯೆ ಕಲಿಸಿದವನು ಗಂಡ. ಸರಕು ಹಡಗಿನಲ್ಲಿ ಅಡುಗೆಯವನು. ಬಂದರುಗಳಿಂದ ತಂದ ನೋಟುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಪಾಠ ಹೇಳುತ್ತಿದ್ದ. ನೋಟನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ ಮಡಚಿ, ಒಂದು ಮೂಲೆಯನ್ನು ಒಳಗೆ ತುರುಕಿ, ಪ್ಯಾಂಟಿನ ಸೊಂಟದ ಹತ್ತಿರದ ಪುಟ್ಟ ಗಡಿಯಾರದ ಜೇಬಿಗೆ ಇಳಿಸುವುದು ಅವನ ರೂಢಿ. ಅವನು ಎಡಚ, ಎಡಗೈ ಒಂದರಲ್ಲೇ, ಕಣ್ಣೆತ್ತಿಯೂ ನೋಡದೆ ಮಡಚಿಬಿಡುತ್ತಿದ್ದ. ಅವಳು ಎಷ್ಟು ಸಲ ಯತ್ನಿಸಿದರೂ ಬರಲಿಲ್ಲ. “ನಿನ್ನ ಎಡಗೈ ಶುದ್ಧ ದಂಡಪಿಂಡ ಕಣೇ,” ಎಂದು ನಗುತ್ತಿದ್ದ.

ಆರು ವರ್ಷಗಳ ಹಿಂದೆ ಹಡಗು ಮುಳುಗಿತು. ಹೆಣ ಸಿಗಲಿಲ್ಲ. ಅವನು ಸತ್ತನೆಂದು ಒಪ್ಪಿ ರುಜು ಹಾಕಿದರೆ ಪರಿಹಾರ ಕೊಡುವುದಾಗಿ ಹಡಗಿನ ಕಂಪನಿ ಕಾಗದ ಕಳಿಸಿತ್ತು. ಅವಳು ಹಾಕಿರಲಿಲ್ಲ. ಗೋಡೆಯೆಲ್ಲ ತೇವ ಜಿನುಗುವ ಒಂದೇ ಕೋಣೆಯ ಮನೆಯನ್ನೂ ಬಿಟ್ಟಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಆ ವಿಳಾಸ ಒಂದೇ.

ಆ ತೇವಕ್ಕೇ ಮಗಳಿಗೆ ಕೆಮ್ಮು ಹತ್ತಿತ್ತು.

“ಡಾಕ್ಟರು ಹೇಳಿದ್ದು ಕೇಳಿಸ್ಕೊಂಡ್ಯಲ್ಲಮ್ಮ? ಔಷಧಿ ಕುಡಿದು ಮತ್ತೆ ಇದೇ ಗೋಡೆಗೆ ಒರಗಿ ಮಲಗಿದ್ರೆ ಏನು ಬಂತು? ಈ ವಾರ ರುಜು ಹಾಕ್ದಿದ್ರೆ ಕಂಪನಿಯೋರು ಕೈ ತೊಳ್ಕೋತಾರೆ,” ಎಂದಳು ಮಗಳು.

“ನಾವು ಮನೆ ಬಿಟ್ಟ ಮೇಲೆ ನಿಮ್ಮಪ್ಪ ಬಂದ್ರೆ? ಬೀಗ ನೋಡಿ ವಾಪಸ್ ಹೋಗ್ಬೇಕಾ?”

“ಬರೋ ಹಾಗಿದ್ರೆ ಇಷ್ಟು ಹೊತ್ತಿಗೆ ಬರ್ತಿದ್ರು.” ಮುಂದಿನ ಮಾತನ್ನು ಕೆಮ್ಮು ನುಂಗಿತು.

ಮಗಳಿಗೆ ನೋಟುಗಳ ಸಂಗತಿ ತಿಳಿದಿರಲಿಲ್ಲ. ಒಂದು ವರ್ಷದಿಂದ, ಸಂಜೆ ಕಂತೆ ಕಟ್ಟುವಾಗ, ಆಗೊಮ್ಮೆ ಈಗೊಮ್ಮೆ ಅವನದೇ ಮಡಿಕೆಯ ನೋಟು ಸಿಗುತ್ತಿತ್ತು. ಮೊದಲು ಚಿಲಿಯದು. ಆಮೇಲೆ ಪೆರುವಿನ ಸೋಲ್, ಗ್ವಾಟೆಮಾಲಾದ ಕ್ವೆಟ್ಸಾಲ್. ಅಷ್ಟೇ ಬೆಲೆಯ ಸ್ವಂತ ಹಣವನ್ನು ಪೆಟ್ಟಿಗೆಗೆ ಹಾಕಿ ಅದನ್ನು ಮನೆಗೆ ಒಯ್ಯುತ್ತಿದ್ದಳು. ಹನ್ನೊಂದು ಆಗಿದ್ದವು. ಅವುಗಳಲ್ಲಿ ಕೆಲವು ಹಡಗು ಮುಳುಗಿದ ಮೇಲೆ ಅಚ್ಚಾದವು. ನೀರುಪಾಲಾದವನು ಹೊಸ ನೋಟು ಮಡಚುವುದು ಹೇಗೆ? ಭೂಪಟದ ಮೇಲೆ ಬೆರಳಾಡಿಸಿದರೆ ಯಾರೋ ದಕ್ಷಿಣದಿಂದ ಮೇಲೆ ಮೇಲೆ ನಡೆದು ಬರುತ್ತಿರುವಂತೆ ತೋರುತ್ತಿತ್ತು. ಹೋದ ವಾರದ್ದು ಮೆಕ್ಸಿಕೋದ್ದು.

ಗುರುವಾರ ಯಜಮಾನರು ಒಳಗೆ ಕರೆದರು. ಹಣ ಕಮ್ಮಿ ಬಂತೆಂದು ಯಾವನೋ ಗಿರಾಕಿ ರಂಪ ಮಾಡಿದ್ದಕ್ಕೆ ಅವರು ಕ್ಯಾಮೆರಾ ನೋಡಿದ್ದರು.

“ನಿನ್ನ ಎಣಿಕೆ ಸರಿಯಾಗೇ ಇದೆ ಕಣಮ್ಮ. ಆದ್ರೆ ಇದೇನು ಅಂತ? ನೋಟು ಏನು ತಪ್ಪು ಮಾಡ್ತು, ಈ ಪಾಟಿ ಕಿವಿ ಹಿಂಡ್ತಿದ್ದೀಯ?”

ಪರದೆಯ ಮೇಲೆ ಅವಳು ಗಿರಾಕಿಯೊಂದಿಗೆ ಮಾತಾಡುತ್ತಿದ್ದಳು. ಬಲಗೈ ರಸೀದಿಗೆ ಮೊಹರು ಒತ್ತುತ್ತಿತ್ತು. ಎಡಗೈ ಮೆಲ್ಲಗೆ ರಾಶಿಯಿಂದ ಒಂದು ನೋಟು ಎಳೆದುಕೊಂಡಿತು. ಉದ್ದಕ್ಕೆ ಒಮ್ಮೆ. ಅಡ್ಡಕ್ಕೆ ಎರಡು ಸಲ. ಮೂಲೆ ಒಳಗೆ. ಪರದೆಯಲ್ಲಿದ್ದ ಅವಳು ಒಮ್ಮೆಯೂ ಕೆಳಗೆ ನೋಡಲಿಲ್ಲ.

“ಇದು ನಾನಲ್ಲ.”

“ಮತ್ತಿನ್ಯಾರಮ್ಮ? ಆ ಉಂಗುರ ನಿಂದಲ್ವೇ?”

“ಉಂಗುರ ನಂದೇ. ಕೈಯೂ ನಂದೇ. ಮಡಚಿದ್ದು ನಾನಲ್ಲ ಸಾರ್.”

ನಗಹೊರಟ ಯಜಮಾನರ ಬಾಯಿ ಅರ್ಧಕ್ಕೇ ನಿಂತಿತು. “ಎರಡು ದಿನ ರಜ ತಗೋ,” ಎಂದು ಪರದೆ ಆರಿಸಿದರು.

ಹೊರಡುವ ಮುಂಚೆ ಅವಳು ಎಡಗೈಗೆ ಒಂದು ನೋಟು ಕೊಟ್ಟು ನೋಡಿದಳು. ಬೆರಳುಗಳು ತಡವರಿಸಿದವು, ನೋಟು ಜಾರಿ ನೆಲಕ್ಕೆ ಬಿತ್ತು. ಅವಳು ನೋಡುತ್ತಿದ್ದರೆ ಅದಕ್ಕೆ ಏನೂ ಬಾರದು.

ದಾರಿಯುದ್ದಕ್ಕೂ ಆ ಕೈಯನ್ನು ಬೇರೆಯವರ ಮಗುವನ್ನು ಎತ್ತಿಕೊಂಡಂತೆ ಎದೆಗೆ ಒತ್ತಿಕೊಂಡೇ ನಡೆದಳು. ಹಾಗಾದರೆ ದಕ್ಷಿಣದಿಂದ ಯಾರೂ ನಡೆದು ಬರುತ್ತಿರಲಿಲ್ಲ. ಬರಬೇಕಾದವನು ಈ ಕೈಗೆ ಬಂದು ಒಂದು ವರ್ಷವೇ ಆಗಿತ್ತು. ಬದುಕಿರುವ ಗಂಡ ಬಾಗಿಲು ತಟ್ಟಿ ಬರುತ್ತಾನೆ, ಊಟಕ್ಕೇನಿದೆ ಎನ್ನುತ್ತಾನೆ. ಹೀಗೆ ಬರುವುದಿಲ್ಲ.

ಮನೆಗೆ ಬಂದವಳೇ ಕಂಪನಿಯ ಕಾಗದ ಕೇಳಿದಳು. ಮಗಳು ಅನುಮಾನದಿಂದಲೇ ಪೆನ್ನು ಕೊಟ್ಟಳು. ರುಜು ಬಿತ್ತು. ಅಷ್ಟಾದದ್ದೇ ಮಗಳು ಮುಖ ಮುಚ್ಚಿಕೊಂಡು ಅತ್ತಳು. ಆರು ವರ್ಷದಲ್ಲಿ ಮೊದಲ ಸಲ ಅಪ್ಪನಿಗಾಗಿ ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, “ಹೊಸ ಮನೆ ನಾನು ನೋಡಿಟ್ಟಿದ್ದೀನಮ್ಮ. ಬೈಬೇಡ,” ಎಂದು ವಿಳಾಸ ಬರೆದ ಚೀಟಿ ಮುಂದಿಟ್ಟಳು.

ಅವಳು ಗಟ್ಟಿಯಾಗಿ ಓದಿದಳು. ಮನೆ ಸಂಖ್ಯೆ, ಎಷ್ಟನೇ ಮಹಡಿ, ಯಾವ ತಿರುವು, ಬಾಗಿಲಿನ ಬಣ್ಣ ಏನೆಂದು ಮಗಳನ್ನು ಕೇಳಿ ಅದನ್ನೂ ಸೇರಿಸಿ.

“ನಂಗೆ ಗೊತ್ತಲ್ಲಮ್ಮ, ನಾನೇ ಬರೆದಿದ್ದು. ಯಾರಿಗೆ ಓದ್ತಿದ್ದೀಯ?”

ಅವಳು ಎಡಗೈಯನ್ನು ಚೀಟಿಯ ಹತ್ತಿರಕ್ಕೆ ಸರಿಸಿ, ಕೈಯ ಮೇಲಿಂದ ಕಣ್ಣು ತೆಗೆದು, ಮೊದಲಿನಿಂದ ಇನ್ನೊಮ್ಮೆ, ನಿಧಾನವಾಗಿ ಹೇಳಿದಳು.