ಚೀಟಿಯಲ್ಲಿ ಬಂದ ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಖಾನಾಪುರದ ರೇಣವ್ವನಿಗೆ ಆ ಗಾದೆ ಹದಿಮೂರು ತುಂಬುವುದರೊಳಗೇ ಅರ್ಥವಾಯಿತು, ಪಾಪ.

ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ಕಿರಾಣಿ ಅಂಗಡಿಯ ಅಪ್ಪ ದುಂಡಪ್ಪ, ಇಬ್ಬರೇ. ಏಳನೆಯ ಇಯತ್ತೆಗೆ ಶಾಲೆ ಬಿಡಿಸು ಎಂದು ಬಂಧುಬಳಗವೆಲ್ಲ ಬಡಕೊಂಡರೂ "ಹೈಸ್ಕೂಲಿಗೆ ಕಳಸ್ತೀನಿ" ಎಂದು ಅಪ್ಪ ಮಾತು ಕೊಟ್ಟಿದ್ದ. ಆ ಒಂದು ಮಾತಿನ ಮೇಲೆ ಹುಡುಗಿಯ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ.

ಆ ವರ್ಷ, ಎಪ್ಪತ್ತೆಂಟರಲ್ಲಿ, ಬೆಳಗಾವಿಯಲ್ಲಿ ಶಾಲಾ ಮಕ್ಕಳ ಚರ್ಚಾ ಸ್ಪರ್ಧೆ ಇತ್ತು. ಗುರುಪುತ್ರಪ್ಪ ಮಾಸ್ತರರು ರೇಣವ್ವನನ್ನು ತಯಾರು ಮಾಡಿದರು.

"ಮೊದಲ ನಿನ್ನ ಮಾತ ಏನು, ಒಂದ ಸಾಲಿನ್ಯಾಗ ಹೇಳಿಬಿಡು. ಆಮ್ಯಾಲ ಯಾಕ ಅನ್ನೂದು. ಬರೇ ಯಾಕ ಅಂದ್ರ ಯಾರೂ ನಂಬೂದಿಲ್ಲವಾ, ಪುರಾವೆ ಬೇಕು. ನೀ ಕಣ್ಣಾರೆ ಕಂಡದ್ದು."

"ಅದಕ್ಕ ಎದುರಿನವ್ರು ಏನರ ಅಂದ್ರರೀ?"

"ಅವ್ರು ಅನ್ನೂಕಿಂತ ಮೊದಲ ನೀನ ಅಂದುಬಿಡು, ಉತ್ತರಾನೂ ನೀನ ಕೊಡು. ಅಲ್ಲಿಗೆ ಅವರ ಬಾಯಿ ಬಂದ್. ಕಡೀಕ ಮೊದಲಿನ ಮಾತಿಗೇ ಬಂದು ನಿಲ್ಲು."

ಸ್ಪರ್ಧೆಯ ದಿನ ದುಂಡಪ್ಪನೂ ಬಸ್ಸು ಹತ್ತಿ ಜೊತೆಗೆ ಬಂದ. ರವಿವಾರ ಪೇಟೆಯಲ್ಲಿ ಅಂಗಡಿಯ ಸಾಮಾನು ತಗೊಂಡು ಬರುತ್ತೇನೆಂದು ಹೋದವನು, ಯಾರು ಯಾವ ಪರವಾಗಿ ಮಾತಾಡಬೇಕೆಂಬ ಚೀಟಿ ಎತ್ತುವಾಗ ಇರಲಿಲ್ಲ. ಹೆಣ್ಣುಮಕ್ಕಳಿಗೆ ಏಳನೆಯ ಇಯತ್ತೆ ಸಾಕೋ ಸಾಲದೋ ಎಂಬುದು ವಿಷಯ. ರೇಣವ್ವ ಎತ್ತಿದ ಚೀಟಿಯಲ್ಲಿ 'ಸಾಕು' ಅಂತ ಬಂತು. ಅಯ್ಯೋ ಶಿವನೇ! ಹುಡುಗಿ ಮಾಸ್ತರರ ಮುಖ ನೋಡಿದಳು.

"ಸ್ಪರ್ಧಾ ಅಷ್ಟ ಇದು. ನಿನ್ನ ಮನಸಿನ ಮಾತಲ್ಲ. ಚೀಟಿ ಹೇಳಿದ್ದ ಹೇಳು" ಎಂದರು ಅವರು.

ಹೇಳಿದಳು. ಪುರಾವೆಗೆ ತಡಕಾಡಿದಾಗ ಕೈಗೆ ಸಿಕ್ಕಿದ್ದು ಅವಳ ಮನೆಯೇ.

"ನನಗೆ ತಾಯಿ ಇಲ್ಲ. ನಾನು ಶಾಲೆಯಲ್ಲಿರುವಾಗ ನಮ್ಮಪ್ಪ ಅಂಗಡಿಯ ಮೂಲೆಯಲ್ಲಿ ಕೂತು ತಂಗಳು ರೊಟ್ಟಿಯನ್ನು ನೀರಿನಲ್ಲಿ ಅದ್ದಿಕೊಂಡು ತಿನ್ನುತ್ತಾನೆ. ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ. ನಾನು ನೋಡಿದ್ದೇನೆ. ನಸುಕಿನಲ್ಲೆದ್ದು ಅಡಿಗೆ ಮಾಡಿಟ್ಟು ಹೋಗಬಾರದೇ ಎನ್ನುವಿರಿ. ಮಾಡಿ ನೋಡಿದವಳು ನಾನು. ರೊಟ್ಟಿಯೂ ಸೀದವು, ವರ್ಗದಲ್ಲಿ ನಿದ್ದೆಯೂ ಬಂತು. ಆದ್ದರಿಂದ ಹೇಳುತ್ತೇನೆ, ನಮಗೆ ಏಳನೆಯ ಇಯತ್ತೆ ಸಾಕು."

ಬಾಗಿಲಲ್ಲಿ ಬೆಲ್ಲದ ಚೀಲ ಇಳಿಸಿಕೊಂಡು ನಿಂತಿದ್ದ ದುಂಡಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಹಿತ್ತಾಳೆಯ ಕಪ್ ರೇಣವ್ವನಿಗೇ ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದ. ಆಮೇಲೆ ಅಂದ, "ಇಷ್ಟೆಲ್ಲಾ ಮನಸಿನ್ಯಾಗ ಇಟಗೊಂಡಿದ್ದೇನವಾ? ನಾ ಒಬ್ಬ ಹುಚ್ಚ, ನಿನ್ನ ಇನ್ನೂ ಓದಸಾಕ ಹೊಂಟಿದ್ದೆ. ಆತು, ನಿನ್ನ ಮಾತ ನಡೀಲಿ. ಸಾಲಿ ಈ ವರ್ಷಕ್ಕ ಸಾಕು."

"ಅಪ್ಪಾ, ಅದು ಚೀಟ್ಯಾಗ ಬಂದಿತ್ತು!"

"ಬಂದಿರಬೇಕು. ತಂಗಳ ರೊಟ್ಟೀನೂ ಚೀಟ್ಯಾಗ ಬಂದಿತ್ತೇನವಾ?"

ಸುಳ್ಳು ಅನ್ನಲು ಅವಳಿಗೆ ಬಾಯಿ ಬರಲಿಲ್ಲ. "ನಸಿಕಿನ್ಯಾಗ ಎದ್ದು ರೊಟ್ಟಿ ಬಡದಿಟ್ಟು ಹೋಗ್ತೀನಿ" ಎಂದು ಗೋಗರೆದಳು.

"ಬ್ಯಾಡ. ಅದಕ್ಕೂ ನೀನ ಉತ್ತರಾ ಕೊಟ್ಟೀಯಲ್ಲ" ಎಂದು ಅಪ್ಪ ತಲೆ ಸವರಿದ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಪ್ರೀತಿಯ ಜೊತೆ ಏನು ಜಗಳ ಆಡುತ್ತೀರಿ?

ಕಪ್ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂತಿತು. ಬಂದ ಗಿರಾಕಿಗೆಲ್ಲ ದುಂಡಪ್ಪ ಅದರ ಕತೆ ಹೇಳಿದ.

ಹೈಸ್ಕೂಲು ಶುರುವಾದ ದಿನ ಮಧ್ಯಾಹ್ನ ಮಾಸ್ತರರು ಮನೆಗೇ ಬಂದರು. ದುಂಡಪ್ಪ ಊಟಕ್ಕೆ ಕೂತಿದ್ದ.

"ದುಂಡಪ್ಪಾರ, ಆ ಮಾತ ಆಕೀದಲ್ರಿ. ನಾ ಕಲಿಸಿದ್ದು" ಎಂದರು.

"ಪುರಾವೆ ಆಕೀದ ಐತೆಲ್ರಿ ಮಾಸ್ತರ? ಛಲೋ ಕಲಿಸೀರಿ. ಕುಂದರ್ರಿ, ಊಟಾ ಮಾಡೂಣು."

ಊರ ಮಕ್ಕಳಿಗೆಲ್ಲ ವಾದ ಕಲಿಸಿದ ಮಾಸ್ತರರು ಬಿಚ್ಚಿದ್ದ ಚಪ್ಪಲಿ ಮತ್ತೆ ಮೆಟ್ಟಿಕೊಂಡರು. ಕೂಡಲಾರದೆ ಹೊರಟುಹೋದರು.

ಒಲೆಯ ಮುಂದೆ ಎಲ್ಲವನ್ನೂ ಕೇಳಿಸಿಕೊಂಡ ರೇಣವ್ವ ತುಟಿ ಕಚ್ಚಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹಂಚಿನ ಮೇಲಿನ ರೊಟ್ಟಿ ತೆಗೆದಳು.

"ಇನ್ನೊಂದು ಹಾಕಲೇನಪಾ?"

"ಹಾಕವಾ, ಹಾಕು. ನಿಮ್ಮವ್ವ ಹೋದಮ್ಯಾಲ ಈಗ ಉಣ್ಣಾಕತ್ತೀನಿ ನೋಡು, ಬಿಸೀದು."