ಬರೆಯದೆ ಬಿಟ್ಟ ಸಾಮಾನು

ಮೂರನೆಯ ಸಲವೂ ಲವಾನ್ ಗಂಡ ಹಿಡಿದ ಸಲಾಡಿನ ಚಮಚವನ್ನು ಎಡಗೈಯಿಂದ ತಳ್ಳಿಬಿಟ್ಟಳು. "ಮಂಗಳವಾರ," ಎಂದಳು.

ಏಪ್ರಿಲ್‌ನಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಅವಳ ನಾಲಿಗೆಯಲ್ಲಿ ಉಳಿದದ್ದು ಅದೊಂದೇ ಮಾತು. ನೀರು ಬೇಕಾದರೂ ಮಂಗಳವಾರ, ಗಂಡನ ಮೇಲೆ ಸಿಟ್ಟು ಬಂದರೂ ಮಂಗಳವಾರ. ಇಂಡಿಯಾನಾದ ಆ ಪುಟ್ಟ ಊರಿನಲ್ಲಿ ಪಾದ್ರಿಯಿಂದ ಹಿಡಿದು ಅಂಚೆಯವನವರೆಗೆ ಯಾರ ದನಿಯನ್ನಾದರೂ ಅಣಕಿಸಬಲ್ಲ ಡೆಲ್ಮರ್, ಹೆಂಡತಿಯ ಸಲಾಡನ್ನು ಅಣಕಿಸಲಾಗದೆ ಸೋತು ಕೂತಿದ್ದ.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ತಿಂಗಳ ಸಹಭೋಜನ, ಮನೆಗೊಂದು ತಿನಿಸು ತರುವುದು ರೂಢಿ. ಅಲ್ಲಿನ ಉದ್ದನೆಯ ಮೇಜಿನ ಮೇಲೆ, ಹುರುಳಿಕಾಯಿಗೂ ಆಲೂಗಡ್ಡೆಗೂ ನಡುವೆ, ನಲವತ್ತೊಂದು ವರ್ಷ ಲವಾನ್‌ಳ ತಣ್ಣನೆಯ ಕ್ಯಾರೆಟ್ ಸಲಾಡ್ ಕೂತಿತ್ತು. ಬೇರೆ ಯಾರೂ ಅದನ್ನು ಮಾಡಿ ತರುವಂತಿರಲಿಲ್ಲ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ತಿನಿಸು, ಯಾರೂ ಬರೆದಿಡದ ಶಾಸನ. ಈ ಸಲವೂ ಬಟ್ಟಲು ಹೋಗದಿದ್ದರೆ ಜಾಗ ಇನ್ನೊಬ್ಬರದು. ಗಾಲಿಕುರ್ಚಿಯಲ್ಲಿ ಕೂತು ಅವಳು ಅದನ್ನು ನೋಡುವಂತಾಗಬಾರದೆಂದೇ ಡೆಲ್ಮರ್ ಸೌಟು ಹಿಡಿದಿದ್ದ.

ಚರ್ಚಿನ ಹೆಂಗಸರು ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ, ಅವಳ ಹೆಸರಿನ ಕೆಳಗೇ ವಿಧಾನವಿತ್ತು. ಕ್ಯಾರೆಟ್ಟನ್ನು ಬಿಲ್ಲೆಗಳಾಗಿ ಹೆಚ್ಚಿ, ತೀರ ಮೆತ್ತಗಾಗದಂತೆ ಬೇಯಿಸಿ, ಈರುಳ್ಳಿ, ದೊಣ್ಣೆಮೆಣಸಿನಕಾಯಿ ಸೇರಿಸಿದ. ಡಬ್ಬಿಯ ಟೊಮೇಟೊ ಸೂಪಿಗೆ ಸಕ್ಕರೆ, ವಿನೆಗರ್, ಎಣ್ಣೆ, ಸಾಸಿವೆ ಹಾಕಿ ಕುದಿಸಿ ಮೇಲೆ ಸುರಿದು, ಒಂದು ದಿನ ಫ್ರಿಜ್ಜಿನಲ್ಲಿಟ್ಟ. ಅಕ್ಷರ ತಪ್ಪಲಿಲ್ಲ, ರುಚಿ ತಪ್ಪಿತು. ಪುಸ್ತಕದಲ್ಲಿ ಸಾಮಾನಿತ್ತು, ಸಾರವಿರಲಿಲ್ಲ.

ಶನಿವಾರ ಮಧ್ಯಾಹ್ನ ಬಟ್ಟಲು ಹಿಡಿದು ಪಕ್ಕದ ಮನೆಯ ಆರ್ಡೆಲ್‌ಳ ಬಾಗಿಲು ತಟ್ಟಿದ. ಒಂದು ಬಿಲ್ಲೆ ಬಾಯಿಗಿಟ್ಟು ಆಕೆ ಹುಬ್ಬು ಗಂಟಿಕ್ಕಿದಳು. ಪುಸ್ತಕ ನೋಡಿಕೊಂಡೇ ಮಾಡಿದ್ದೆಂದು ಅವನು ಗೋಗರೆದ.

"ಅಯ್ಯೋ ಮಂಕೇ, ಪುಸ್ತಕಕ್ಕೆ ಯಾರಾದ್ರೂ ಪೂರ್ತಿ ಬರ್ಕೊಡ್ತಾರೇನಯ್ಯಾ? ನನ್ನ ಪೈ ರೆಸಿಪಿಲೂ ಒಂದು ಸಾಮಾನು ನುಂಗ್ಹಾಕಿದೀನಿ. ಎಲ್ರೂ ಅಷ್ಟೇ. ನಿನ್ನ ಹೆಂಡ್ತಿ ಏನು ಬಿಟ್ಟಿದಾಳೆ ಅಂತ ಇಪ್ಪತ್ತು ವರ್ಷದಿಂದ ನಾವೂ ತಲೆ ಕೆಡಿಸ್ಕೊಂಡಿದೀವಿ."

ಮನೆಗೆ ಬಂದವನೇ ಕಪಾಟಿನ ಶೀಶೆಗಳನ್ನೆಲ್ಲ ಇಳಿಸಿದ. ಲವಂಗ, ಶುಂಠಿಪುಡಿ, ಸೆಲರಿ ಬೀಜ, ಒಂದೊಂದನ್ನೂ ಅವಳ ಮೂಗಿಗೆ ಹಿಡಿದ.

"ಇದಾ? ಹೋಗ್ಲಿ, ಇದೇನೇ?"

ಪ್ರತಿಯೊಂದಕ್ಕೂ ಮಂಗಳವಾರ. ಒಂದು ಶೀಶೆಗೆ ಅವಳ ಕಣ್ಣು ಹೊಳೆಯಿತು. ಅದರ ಮುಂದಿನದಕ್ಕೂ ಹೊಳೆಯಿತು. ಹದಿನಾಲ್ಕನೆಯದಕ್ಕೆ ಅವಳು ಅತ್ತುಬಿಟ್ಟಳು. ಡೆಲ್ಮರ್ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಹಾಕಿದ.

ಭಾನುವಾರ ಬಟ್ಟಲನ್ನು ಅದರ ಜಾಗದಲ್ಲಿಟ್ಟ. ಥೇಟ್ ಲವಾನ್‌ಳ ಕೈರುಚಿ ಎಂದು ಒಬ್ಬಳು ಕನಿಕರದಿಂದ ಅಂದದ್ದೇ ತಡ, ಮಿಕ್ಕವರೂ ಅದೇ ರಾಗ ಎಳೆದರು. ಆರ್ಡೆಲ್ ಕೂಡ ಎರಡನೆಯ ಸಲ ಬಡಿಸಿಕೊಂಡಳು. ಲವಾನ್ ಒಬ್ಬೊಬ್ಬರ ಬಾಯಿಯನ್ನೇ ನೋಡುತ್ತಿದ್ದಳು.

"ಮಂಗಳವಾರ," ಎಂದಳು. ಮತ್ತೆ, ಮೇಜು ಬಡಿದು, "ಮಂಗಳವಾರ."

"ನೋಡ್ರೇ, ಎಷ್ಟು ಖುಷಿ ಅವಳಿಗೆ," ಎಂದು ಪಾದ್ರಿಯ ಹೆಂಡತಿ ಅವಳ ಕೆನ್ನೆ ಸವರಿದಳು. "ಡೆಲ್ಮರ್, ಮುಂದಿನ ತಿಂಗಳೂ ನೀವೇ ತರ್ಬೇಕು. ಥೇಟ್ ಹಿಂಗೇ ಇರ್ಲಿ."

ಅದು ಖುಷಿಯಲ್ಲವೆಂದು ಅಲ್ಲಿ ಡೆಲ್ಮರ್‌ನೊಬ್ಬನಿಗೇ ಗೊತ್ತು. ನಿಜ ಹೇಳಿದರೆ ಅವಳ ಜಾಗ ಹೋಗುತ್ತದೆ, ಸುಮ್ಮನಿದ್ದರೆ ಅವಳ ರುಚಿ. ಹೆಂಡತಿಯ ಕಣ್ಣು ತಪ್ಪಿಸಿ, ಆಗಲಿ ಎಂದ.