ಒಂಬತ್ತನೆಯ ಹಾಡು

ಮಾರ್ಲಾಳ ಮೊದಲ ಆಲ್ಬಂ ಬಿಡುಗಡೆಗೆ ಊರಿನ ಚರ್ಚಿನ ಸಭಾಂಗಣವೇ ಸಜ್ಜಾಗಿತ್ತು. ವಾರವೆಲ್ಲ ಕೆಂಟಕಿಯ ಬೆಟ್ಟದ ರಸ್ತೆಗಳಲ್ಲಿ ಶಾಲೆಯ ಬಸ್ ಓಡಿಸಿ, ರಜೆ ಸಿಕ್ಕಾಗ ನ್ಯಾಶ್‌ವಿಲ್‌ನ ಸ್ಟುಡಿಯೋಗೆ ಹೋಗಿ, ಎರಡು ವರ್ಷದಲ್ಲಿ ಹತ್ತು ಹಾಡು ಧ್ವನಿಮುದ್ರಿಸಿದ್ದಳು. ತಾಯಿ ಓಪಲ್ ಬೆಳಿಗ್ಗೆಯೇ ಬಂದು ಸಭಾಂಗಣದ ಅಡುಗೆಮನೆಯ ಒಲೆಯ ಮೇಲೆ ಬೀನ್ಸ್ ಬೇಯಲಿಟ್ಟಿದ್ದಳು.

ಮಗಳು ಕೊಟ್ಟ ಸಿ.ಡಿ.ಯನ್ನು ಓಪಲ್ ತಿರುಗಿಸಿ ನೋಡಿದಳು. ಒಂಬತ್ತನೆಯ ಹಾಡು, 'ಹಣೆಯ ದೀಪ'. ಅದರ ಮುಂದೆ ಸಣ್ಣಕ್ಷರದಲ್ಲಿ, 'ಹಳೆಯ ಹಾಡು, ಬರೆದವರು ಗೊತ್ತಿಲ್ಲ.'

"ಇದನ್ನ ಯಾಕೆ ಹಾಡ್ದೆ?"

"ನೀನೇ ಹಾಡಿ ಮಲಗಿಸ್ತಿದ್ಯಲ್ಲಮ್ಮ. ಯಾರದ್ದು ಅಂತ ಎಲ್ಲೆಲ್ಲೋ ಹುಡುಕಿದೆ, ಸಿಗಲಿಲ್ಲ."

"ಎಲ್ಲಿ ಸಿಗುತ್ತೆ? ಬರೆದಿದ್ದು ನಾನು."

ಮಾರ್ಲಾ ಕೈಲಿದ್ದ ಮೈಕಿನ ತಂತಿಯ ಸುರುಳಿಯನ್ನು ಕೆಳಗಿಟ್ಟಳು.

ಮಾರ್ಲಾ ತೊಟ್ಟಿಲಲ್ಲಿದ್ದ ವರ್ಷ ಊರಿನ ಕಲ್ಲಿದ್ದಲ ಗಣಿಯ ಚಾವಣಿ ಕುಸಿದು ಏಳು ಜನ ಒಳಗೆ ಸಿಕ್ಕಿಕೊಂಡಿದ್ದರು. ಗಣಿಯ ಬಾಯಲ್ಲಿ ಹೆಂಗಸರೆಲ್ಲ ಎರಡು ದಿನ ಕಾದರು. ಓಪಲ್ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಸೋಪಿನ ಪುಡಿಯ ಖಾಲಿ ಡಬ್ಬಿಯ ರಟ್ಟಿನ ಮೇಲೆ ಆ ಹಾಡಿನ ಸಾಲುಗಳನ್ನು ಗೀಚತೊಡಗಿದ್ದಳು. ಕತ್ತಲೊಳಗಿಂದ ಗಣಿ ಕೆಲಸಗಾರರ ಹಣೆಯ ದೀಪಗಳು ಒಂದೊಂದಾಗಿ ಹೊರಬಂದವು. ಐದನೆಯದು ಅವಳ ಗಂಡ ಡೆಂಟನ್‌ನದು. ಆಮೇಲೆ ದೀಪ ಬರಲಿಲ್ಲ. ಒಳಗೇ ಉಳಿದ ಇಬ್ಬರಲ್ಲಿ ಪಕ್ಕದ ಮನೆಯ ಇರ್ಮಾಳ ಗಂಡ ಲೆಸ್ಟರ್ ಒಬ್ಬ.

"ನನ್ನ ಗಂಡ ಬಂದ ಅಂತ ಹಾಡೋದು ಹೇಗೆ, ಅವಳ ಮುಂದೆ? ಅದಕ್ಕೇ ಯಾರಿಗೂ ಹೇಳಲಿಲ್ಲ. ಈಗ ಅವಳೂ ಬರ್ತಾಳಲ್ಲ."

ಇರ್ಮಾ ಆಗಲೇ ಬಂದಾಗಿತ್ತು. ಸೇಬಿನ ಕಡುಬು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಗೊತ್ತು ಕಣೆ," ಅಂದಳು. "ಗಣಿ ಕಂಪನಿ ಕಟ್ಟಿಸಿದ ಮನೆ ಅವು. ನಡುವೆ ಒಂದು ಹಲಗೆ ಗೋಡೆ. ನೀನು ಕೆಮ್ಮಿದ್ರೂ ನಂಗೆ ಕೇಳೋದು."

"ಕೇಳಿಸ್ಕೊಂಡಿದ್ಯಾ?"

"ದಿನಾ. ನೀನು ಮಗೂನ ಮಲಗಿಸೋಕೆ ಶುರುಮಾಡಿದ್ರೆ ನಾನು ಹೊಲಿಗೆ ಯಂತ್ರ ನಿಲ್ಲಿಸ್ತಿದ್ದೆ. ಆ ಚಳಿಗಾಲದಲ್ಲಿ ನಂಗೆ ಅಂತ ಇದ್ದದ್ದು ಅದೊಂದೇ. ಇವಳು ಬೇಗ ನಿದ್ದೆಹೋದ ದಿನ ಸಿಟ್ಟು ಬರೋದು."

ಮಾರ್ಲಾ ನಕ್ಕಳು. ಓಪಲ್‌ಗೆ ನಗಲಾಗಲಿಲ್ಲ. ಕೊಡೆ ಹಿಡಿದಂತೆ ಮೂವತ್ತು ವರ್ಷ ಇರ್ಮಾಳಿಗೆ ಅಡ್ಡಲಾಗಿ ಹಿಡಿದಿದ್ದ ಮೌನ ಯಾರಿಗೂ ಬೇಕಿರಲಿಲ್ಲವೆಂದು ಈಗ ತಿಳಿಯುತ್ತಿತ್ತು.

"ಮೂರನೇ ಚರಣ ಒಂದಿದೆ," ಎಂದಳು ಮೆಲ್ಲಗೆ. "ಲೆಸ್ಟರ್ ಬಗ್ಗೆ ಬರೆದದ್ದು. ತೊಟ್ಟಿಲ ಹತ್ರಾನೂ ಹಾಡಿಲ್ಲ."

ಇರ್ಮಾ ಕಡುಬನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡಳು. "ಹಾಗಾದ್ರೆ ಅದು ನಂಗೆ ಬರಬೇಕಾದ್ದು. ಹಾಡು."

ಓಪಲ್ ಗಂಟಲು ಸರಿಮಾಡಿಕೊಂಡಳು. ಮಾರ್ಲಾ ಗಿಟಾರ್ ಎತ್ತಿಕೊಂಡು, ತಾಯಿಯ ದನಿ ಯಾವ ಶ್ರುತಿಯಲ್ಲಿ ನೆಲೆಗೊಳ್ಳುತ್ತದೆಂದು ಕಾಯುತ್ತ ಕೂತಳು.